ಪರಿಹಾರ ಕೇಳುವುದು ಕ್ಷಮಾಧರ್ಮಕ್ಕೆ ವಿರೋಧವೇ?

ಅಕಾಲ ಮರಣ ಸಂಭವಿಸಿದ ಮನೆಗೆ ಮೊದಲ ಹತ್ತು ದಿನ ಬಂಧುಗಳು ಬರುತ್ತಾರೆ, ನೆರೆಹೊರೆಯವರು ಬರುತ್ತಾರೆ. ಅಡುಗೆ ಮಾಡಿ ತಂದುಕೊಡುವವರಿರುತ್ತಾರೆ. ಮಕ್ಕಳನ್ನು ತಮ್ಮ ಮನೆಗೆ ಕರೆದೊಯ್ದು ಮಲಗಿಸುವವರಿರುತ್ತಾರೆ. ಆನಂತರ ಬರುವವರು ಬೇರೆ. ಒಬ್ಬರು ವಕೀಲರ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು ಬರುತ್ತಾರೆ. ಇನ್ನೊಬ್ಬ ಹಿರಿಯರು ಬಂದು ಕುಳಿತು, "ಹೋದವನು ಮರಳಿ ಬರುತ್ತಾನೆಯೇ ತಾಯಿ? ಅವನ ಆಯುಷ್ಯ ಅಷ್ಟೇ ಇತ್ತು. ಕೋರ್ಟು ಕಚೇರಿ ಅಲೆದು ಅವನ ಪ್ರಾಣಕ್ಕೆ ಬೆಲೆ ಕಟ್ಟಿಸಿಕೊಳ್ಳಬೇಕೇ? ಕ್ಷಮಿಸಿಬಿಡು" ಎನ್ನುತ್ತಾರೆ. ಇಬ್ಬರೂ ಹಿತೈಷಿಗಳೇ. ಇಬ್ಬರ ಮಾತಿನ ನಡುವೆ ಸಿಕ್ಕಿ ನಲುಗುವವಳು ಮಾತ್ರ ಕುಂಕುಮ ಅಳಿಸಿದ ಆ ಹೆಣ್ಣುಮಗಳು. ಅರ್ಜಿ ಹಾಕಿದರೆ ಲೋಕ ಆಕೆಯನ್ನು ದುರಾಸೆಯವಳೆನ್ನುತ್ತದೆ. ಹಾಕದಿದ್ದರೆ ಮಕ್ಕಳ ಶಾಲೆಯ ಶುಲ್ಕಕ್ಕೆ ಯಾರ ಮುಂದೆ ಕೈಯೊಡ್ಡಬೇಕು?

ಅರವಂಕಾಡಿನಂಥ ಊರಿನವರಿಗೆ ಈ ಪ್ರಶ್ನೆ ದೂರದ್ದಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಇಲ್ಲಿ ಸ್ಥಾಪಿತವಾದ ಕಾರ್ಡೈಟ್ ಕಾರ್ಖಾನೆಯನ್ನು ನಂಬಿ ಎಷ್ಟೋ ಕುಟುಂಬಗಳು ಬಾಳಿವೆ, ಎಷ್ಟೋ ಅಂಗಡಿಗಳು ನಡೆದಿವೆ. ಸ್ಫೋಟಕ ವಸ್ತುಗಳ ನಡುವೆ ದುಡಿಯುವವನ ಮನೆಯಲ್ಲಿ ಸಂಜೆ ಅವನು ಮರಳುವವರೆಗೂ ಒಂದು ಆತಂಕ ಇದ್ದೇ ಇರುತ್ತದೆ. ಕಾರ್ಖಾನೆಯ ಮಾತು ಬಿಟ್ಟರೂ ಮೇಟ್ಟುಪಾಳ್ಯದಿಂದ ಕೂನೂರಿಗೆ ಏರುವ ಘಾಟಿ ರಸ್ತೆಯಿದೆ. 2023ರ ಸೆಪ್ಟೆಂಬರ್ 30ರಂದು ಮರಪಾಲದ ಬಳಿ ಪ್ರವಾಸಿಗಳ ಬಸ್ಸೊಂದು ಕಮರಿಗೆ ಉರುಳಿ ಒಂಬತ್ತು ಮಂದಿ ಮಡಿದರು. ಊಟಿಯನ್ನು ನೋಡಿ ಸಂತೋಷದಿಂದ ತೆಂಕಾಶಿಯ ಕಡೆಗೆ ಹಿಂದಿರುಗುತ್ತಿದ್ದ ಜನ ಅವರು. ಸರಕಾರದ ಪರಿಹಾರ ನಿಧಿಗಳಿಂದ ಹಣ ಘೋಷಣೆಯಾಯಿತು.

'ಪರಿಹಾರ' ಎಂಬ ಈ ಒಂದೇ ಪದ ನಮ್ಮಲ್ಲಿ ಎರಡು ಬೇರೆ ಬೇರೆ ವಸ್ತುಗಳಿಗೆ ಬಳಕೆಯಾಗಿ ಗೊಂದಲ ಹುಟ್ಟಿಸಿದೆ. ಮುಖ್ಯಮಂತ್ರಿಗಳ ನಿಧಿಯಿಂದಲೋ ಪ್ರಧಾನಮಂತ್ರಿಗಳ ನಿಧಿಯಿಂದಲೋ ಬರುವುದು ಅನುಕಂಪದ ಹಣ. ಅದು ದಾನಕ್ಕೆ ಹತ್ತಿರವಾದದ್ದು; ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನ್ಯಾಯಾಲಯ ಕೊಡಿಸುವುದು ನಷ್ಟ ಪರಿಹಾರ. ಅದು ತಪ್ಪಿದವನು ತೆರಬೇಕಾದ ಬಾಕಿ. ಮೊದಲನೆಯದನ್ನು ಪಡೆಯುವವನು ಕೈ ಜೋಡಿಸುತ್ತಾನೆ, ಎರಡನೆಯದನ್ನು ಪಡೆಯುವವನು ರಸೀದಿಗೆ ಸಹಿ ಮಾಡುತ್ತಾನೆ. ವ್ಯಾಪಾರಸ್ಥರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೂ ಮಿಗಿಲಾದ ಅರ್ಥವೊಂದು ನಮ್ಮ ಶಾಸ್ತ್ರದಲ್ಲಿಯೇ ಇದೆ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥ ಸೂತ್ರದಲ್ಲಿ ಎಣಿಸಿದ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಪರಿಹಾರವೂ ಒಂದು. ತಪ್ಪು ಮಾಡಿದ ಮುನಿಯನ್ನು ನಿಯತ ಕಾಲ ಸಂಘದಿಂದ ದೂರವಿರಿಸುವುದು ಎಂಬುದು ಅಲ್ಲಿಯ ಅರ್ಥ. ಅಂದರೆ ಆ ಪದದ ಭಾರ ತಪ್ಪಿದವನ ಹೆಗಲಿನ ಮೇಲಿತ್ತು. ಈ ಕಾಲದಲ್ಲಿ ಅದು ಹೇಗೋ ಜಾರಿ, ಕಳೆದುಕೊಂಡವಳ ಹೆಗಲಿಗೆ ಅಪವಾದವಾಗಿ ಬಂದು ಕುಳಿತಿದೆ.

ಸತ್ತವನ ಕುಟುಂಬಕ್ಕೆ ಕೇಳುವ ಹಕ್ಕು ಎಂದಿನಿಂದಲೂ ಇದ್ದುದಲ್ಲ. ಆಂಗ್ಲರ ಹಳೆಯ ನ್ಯಾಯಪದ್ಧತಿಯಲ್ಲಿ ಮನುಷ್ಯನೊಡನೆ ಅವನ ದಾವೆಯೂ ಸಾಯುತ್ತಿತ್ತು. ಒಬ್ಬನ ಕಾಲು ಮುರಿದರೆ ಹಣ ತೆರಬೇಕಾಗಿದ್ದವನು ಅವನನ್ನು ಕೊಂದರೆ ಹೆಂಡತಿ ಮಕ್ಕಳಿಗೆ ಏನನ್ನೂ ಕೊಡಬೇಕಾಗಿರಲಿಲ್ಲ! ರೈಲುಗಳು ಬಂದು ಅಪಘಾತಗಳು ಹೆಚ್ಚಿದ ಮೇಲೆ 1846ರಲ್ಲಿ ಅಲ್ಲಿನ ಶಾಸನ ಸಭೆ ಈ ಅನ್ಯಾಯವನ್ನು ತಿದ್ದಿತು. ಒಂಬತ್ತು ವರ್ಷಗಳ ಬಳಿಕ, 1855ರಲ್ಲಿ, ಭಾರತಕ್ಕೂ ಮಾರಕ ಅಪಘಾತಗಳ ಕಾಯಿದೆ ಬಂದಿತು. ಪತಿ, ಪತ್ನಿ, ತಂದೆ ತಾಯಿ, ಮಕ್ಕಳು ಇವರಿಗಾಗಿ ದಾವೆ ಹೂಡಬಹುದೆಂದಾಯಿತು. 1923ರಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಬಂದಾಗ ಅದರಲ್ಲಿ ಒಂದು ವಿವೇಕದ ಮಾತನ್ನು ಸೇರಿಸಿದ್ದರು. ದುಡಿಮೆಯಲ್ಲಿ ಸತ್ತವನ ಪರಿಹಾರವನ್ನು ಮಾಲೀಕನು ನೇರವಾಗಿ ಮನೆಯವರ ಕೈಗಿತ್ತು ಮುಗಿಸುವಂತಿರಲಿಲ್ಲ. ಕಮಿಷನರರ ಬಳಿ ಠೇವಣಿ ಇಡಬೇಕಾಗಿತ್ತು. ಏಕೆ? ದುಃಖದಲ್ಲಿರುವವಳು ಎದುರಿಗೆ ಇಟ್ಟ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುತ್ತಾಳೆ ಎಂಬುದು ಆ ಕಾನೂನು ಬರೆದವರಿಗೆ ತಿಳಿದಿತ್ತು.

ಕ್ಷಮೆಯೋ ಹಕ್ಕೋ ಎಂಬ ಈ ಪ್ರಶ್ನೆ ಒಂದು ಮನೆಯದಾಗಿ ಉಳಿಯದೆ, ಏಕಕಾಲದಲ್ಲಿ ನೂರಾರು ಮನೆಗಳ ಬಾಗಿಲಿಗೆ ಬಂದು ನಿಂತದ್ದು ಮಂಗಳೂರಿನಲ್ಲಿ. 2010ರ ಮೇ 22ರ ಬೆಳಗಿನ ಜಾವ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಬೆಟ್ಟದ ಮೇಲಿನ ನಿಲ್ದಾಣದಲ್ಲಿ ಇಳಿದು, ಓಡುದಾರಿಯ ಕೊನೆಯನ್ನೂ ಮೀರಿ ಕಣಿವೆಗೆ ಬಿದ್ದು ಉರಿದುಹೋಯಿತು. ವಿಮಾನದಲ್ಲಿದ್ದವರು 166 ಮಂದಿ. ಉಳಿದವರು ಎಂಟೇ ಮಂದಿ. ಮಡಿದ 158 ಜನರಲ್ಲಿ ಬಹುಪಾಲು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯವರು. ಕೊಲ್ಲಿ ದೇಶಗಳಲ್ಲಿ ದುಡಿದು ಊರಿನ ಸಂಸಾರ ಸಾಕುತ್ತಿದ್ದವರು, ರಜೆಗೆಂದು ಬರುತ್ತಿದ್ದವರು, ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೊರಟಿದ್ದ ತಾಯಂದಿರು. ಗುರುತು ಸಿಗದ ಕೆಲವರ ದೇಹಗಳನ್ನು ಯಾವ ಜಾತಿ ಯಾವ ಮತವೆಂದು ತಿಳಿಯದೆ ಒಟ್ಟಾಗಿ ಮಣ್ಣು ಮಾಡಬೇಕಾಯಿತು.

ಇಂತಹ ದುರಂತವಾದಾಗ "ಎಲ್ಲವೂ ಕರ್ಮಫಲ" ಎಂಬ ಮಾತು ಮೊದಲು ಹೊರಡುತ್ತದೆ. ಆದರೆ ಏರ್ ಮಾರ್ಷಲ್ ಭೂಷಣ್ ಗೋಖಲೆಯವರ ನೇತೃತ್ವದ ವಿಚಾರಣಾ ನ್ಯಾಯಾಲಯ ಕಂಡುಕೊಂಡದ್ದು ಕರ್ಮವನ್ನಲ್ಲ, ಎಚ್ಚರ ತಪ್ಪಿದ್ದನ್ನು. ಹಾರಾಟದ ಬಹುಭಾಗ ಕ್ಯಾಪ್ಟನ್ ನಿದ್ರೆಯಲ್ಲಿದ್ದರು. ಇಳಿಯುವ ಹೊತ್ತಿಗೆ ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಯದೆ ಮತ್ತೆ ಮೇಲೇರೋಣವೆಂದು ಪಕ್ಕದಲ್ಲಿದ್ದ ಸಹ ಚಾಲಕರು ಮತ್ತೆ ಮತ್ತೆ ಹೇಳಿದರೂ ಕೇಳಲಿಲ್ಲ. ಸತ್ತವರ ಆಯುಷ್ಯಕರ್ಮ ಮುಗಿದಿತ್ತು ಎನ್ನುವುದರಿಂದ ಈ ಪ್ರಮಾದ ಅಳಿಸಿಹೋಗುವುದೇ? ಹಾಗೆ ಅಳಿಸಿಹೋಗುವುದಾದರೆ ಅಹಿಂಸಾವ್ರತಕ್ಕೆ ಅರ್ಥವೇನು ಉಳಿಯಿತು? ಕೊಲ್ಲುವ ಪ್ರತಿಯೊಬ್ಬನೂ ಸತ್ತವನ ಕರ್ಮವನ್ನೇ ತೋರಿಸಿ ಕೈ ತೊಳೆದುಕೊಳ್ಳಬಹುದಾಗಿತ್ತು. ಹಿಂಸೆಯ ಮೂಲ ದ್ವೇಷವೊಂದೇ ಅಲ್ಲ, ಪ್ರಮಾದವೂ ಹೌದು ಎಂದು ಜಿನಾಗಮ ಸಾರುತ್ತದೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆ ಇಡಬೇಕೆಂದು ಮುನಿಗಳಿಗೆ ಈರ್ಯಾಸಮಿತಿಯನ್ನು ವಿಧಿಸಿರುವುದು ಇರುವೆಯ ಆಯುಷ್ಯ ಎಷ್ಟಿದೆ ಎಂದು ಲೆಕ್ಕ ಹಾಕಿ ಅಲ್ಲ. ಬರಿಗಾಲಿನಲ್ಲಿ ನಡೆಯುವವರಿಗೇ ಇಷ್ಟು ಎಚ್ಚರ ವಿಧಿಸಿರುವಾಗ, ನೂರಾರು ಜೀವಗಳನ್ನು ಹೊತ್ತು ಹಾರುವವನಿಗೆ, ಘಾಟಿಯ ತಿರುವಿನಲ್ಲಿ ಬಸ್ಸು ಇಳಿಸುವವನಿಗೆ, ಅವರನ್ನು ನೇಮಿಸಿ ಲಾಭ ಪಡೆಯುವ ಸಂಸ್ಥೆಗೆ ಎಷ್ಟು ಎಚ್ಚರವಿರಬೇಕು!

ಇನ್ನು ಕ್ಷಮೆಯ ವಿಚಾರ. ಕ್ಷಮಾವಣಿಯ ದಿನ ಎಲ್ಲ ಜೀವಿಗಳಲ್ಲಿಯೂ ಕ್ಷಮೆ ಬೇಡಿ, ಎಲ್ಲರನ್ನೂ ಕ್ಷಮಿಸುವ ಸಮುದಾಯದಲ್ಲಿ ಈ ಆಕ್ಷೇಪಣೆಗೆ ಬಲ ಹೆಚ್ಚು. ಆದರೆ ಕ್ಷಮಿಸುವುದು ಏನನ್ನು? ವೈರವನ್ನು. ತನ್ನ ಎದೆಯೊಳಗಿನ ಕ್ರೋಧವನ್ನು ಬಿಡುವುದು ಕ್ಷಮೆ. ಅದು ಆ ಹೆಣ್ಣುಮಗಳ ಸ್ವಂತ ವಸ್ತು, ಆಕೆ ಬಿಡಬಹುದು, ಬಿಟ್ಟರೆ ಆಕೆಗೇ ಶ್ರೇಯಸ್ಸು. ಬಾಕಿ ಹಾಗಲ್ಲ. ನಾಲ್ವರು ಪಾಲುದಾರರಿರುವ ಅಂಗಡಿಯಲ್ಲಿ ಒಬ್ಬ ಪಾಲುದಾರ ಉದಾರ ಮನಸ್ಸಿನಿಂದ ಗಿರಾಕಿಯೊಬ್ಬನ ಸಾಲವನ್ನು ಖಾತೆಯಿಂದ ಹೊಡೆದುಹಾಕಿದರೆ ಉಳಿದ ಮೂವರು ಸುಮ್ಮನಿರುವರೇ? ಸತ್ತವನ ದುಡಿಮೆಯ ಮೇಲೆ ಪಾಲುಳ್ಳವರು ಹೆಂಡತಿಯೊಬ್ಬಳೇ ಅಲ್ಲ. ಕಣ್ಣು ಮಂಜಾದ ತಾಯಿ ಇದ್ದಾಳೆ. ತೊಟ್ಟಿಲಿನ ಕೂಸಿದೆ. ಆ ಕೂಸಿನ ಪಾಲನ್ನು ಮನ್ನಾ ಮಾಡುವ ಅಧಿಕಾರ ಹಿತೈಷಿಗಳಾದ ಹಿರಿಯರಿಗೆ ಎಲ್ಲಿಂದ ಬಂದಿತು? ತನ್ನದಲ್ಲದ್ದನ್ನು ಬಿಟ್ಟುಕೊಡುವುದು ಔದಾರ್ಯವಲ್ಲ. ಅದನ್ನು ಅಸ್ತೇಯವ್ರತದ ಎದುರಿಗಿಟ್ಟು ನೋಡಿದರೆ ಅದಕ್ಕೆ ಬೇರೆ ಹೆಸರು ಕೊಡಬೇಕಾಗುತ್ತದೆ.

ಮತ್ತೊಂದು ಸಂಗತಿಯೂ ಇದೆ. ಕ್ಷಮೆ ಬೇಡುವವನು ಮೊದಲು ಆಲೋಚನೆ ಮಾಡಬೇಕು, ಅಂದರೆ ಗುರುವಿನ ಮುಂದೆ ತನ್ನ ದೋಷವನ್ನು ತಾನೇ ಒಪ್ಪಿ ಹೇಳಬೇಕು. ಇಂದಿನ ದೊಡ್ಡ ಸಂಸ್ಥೆಗಳು ಹಣವನ್ನೇನೋ ಕೊಡುತ್ತವೆ, ದೋಷವನ್ನು ಒಪ್ಪುವುದಿಲ್ಲ. 'ಪೂರ್ಣ ಮತ್ತು ಅಂತಿಮ' ಎಂದು ಬರೆದ ರಸೀದಿಗೆ ಸಹಿ ಪಡೆದು ಕಡತ ಮುಚ್ಚುತ್ತವೆ. ಬೇಡದವನಿಗೆ ಕ್ಷಮೆ ಕೊಡಬಾರದೆಂದೇನೂ ಇಲ್ಲ. ಆದರೆ ಅದನ್ನು ರಸೀದಿಯ ಮೇಲೆ ಕೊಡಬೇಕಾಗಿಲ್ಲ.

ಮಂಗಳೂರಿನ ಕುಟುಂಬಗಳಿಗೆ ವಿಮಾನ ಸಂಸ್ಥೆ ಮೊದಲು ಮಧ್ಯಂತರವಾಗಿ ಹನ್ನೆರಡು ವರ್ಷ ಮೀರಿದವರಿಗೆ 10 ಲಕ್ಷ, ಅದಕ್ಕಿಂತ ಚಿಕ್ಕವರಿಗೆ 5 ಲಕ್ಷ ರೂಪಾಯಿ ನೀಡಿತು. ಆಮೇಲೆ ಅಂತಿಮ ಮೊತ್ತದ ಮಾತುಕತೆ. ಸತ್ತವರ ಸಂಬಳದ ಚೀಟಿ ಎಲ್ಲಿ, ಓದು ಎಷ್ಟು, ಅವಲಂಬಿತರು ಯಾರು ಯಾರು ಎಂದು ಕೇಳಿ ಕೇಳಿ ಲೆಕ್ಕ ಹಾಕಿದರು. ಭಾರತ 2009ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತ್ತು. ಅಂತರರಾಷ್ಟ್ರೀಯ ವಿಮಾನದಲ್ಲಿ ಪ್ರಯಾಣಿಕ ಸತ್ತರೆ, ಒಂದು ಲಕ್ಷ ಎಸ್.ಡಿ.ಆರ್. ಎಂಬ ಲೆಕ್ಕದ ಹಣದವರೆಗೆ, ಅಂದಿನ ದರದಲ್ಲಿ ಸುಮಾರು 75 ಲಕ್ಷ ರೂಪಾಯಿಯವರೆಗೆ, ಸಂಸ್ಥೆ ತನ್ನ ತಪ್ಪಿಲ್ಲವೆಂದು ವಾದಿಸಿ ತಪ್ಪಿಸಿಕೊಳ್ಳುವಂತಿಲ್ಲ ಎಂದು ಆಗ ಆ ಒಪ್ಪಂದದಲ್ಲಿತ್ತು. ಹಾಗಾದರೆ ಬಡವನಾಗಲಿ ಧನಿಕನಾಗಲಿ ಪ್ರತಿಯೊಬ್ಬನಿಗೂ ಕನಿಷ್ಠ ಅಷ್ಟು ಕೊಡಬೇಕಲ್ಲವೇ ಎಂದು ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಕೇರಳ ಹೈಕೋರ್ಟಿನಲ್ಲಿ ಕೇಳಿದರು. 2011ರ ಜುಲೈಯಲ್ಲಿ ಏಕಸದಸ್ಯ ಪೀಠ ಹೌದೆಂದಿತು. ಆಗಸ್ಟಿನಲ್ಲಿ ವಿಭಾಗೀಯ ಪೀಠ ಅಲ್ಲವೆಂದಿತು. ಎಷ್ಟು ನಷ್ಟವಾಯಿತೆಂದು ತೋರಿಸಿದರೆ ಅಷ್ಟು ಮಾತ್ರ. ಇನ್ನೊಂದು ಕುಟುಂಬ, ಉನ್ನತ ಹುದ್ದೆಯಲ್ಲಿದ್ದ ಪ್ರಯಾಣಿಕರೊಬ್ಬರದು, ಗ್ರಾಹಕ ಆಯೋಗದ ಮೂಲಕ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2020ರ ಮೇ 20ರಂದು, ದುರಂತಕ್ಕೆ ಹತ್ತು ವರ್ಷ ತುಂಬಲು ಎರಡು ದಿನವಿರುವಾಗ, ಆ ಕುಟುಂಬಕ್ಕೆ 7.64 ಕೋಟಿ ರೂಪಾಯಿ ಸಲ್ಲಬೇಕೆಂದು ತೀರ್ಪಾಯಿತು.

ಒಂದೇ ವಿಮಾನ, ಒಂದೇ ಬೆಂಕಿ. ಒಬ್ಬನಿಗೆ ಕೋಟಿಗಳು, ಇನ್ನೊಬ್ಬನಿಗೆ ಲಕ್ಷಗಳು. ಎಲ್ಲ ಆತ್ಮಗಳೂ ಸಮಾನವೆಂದು ನಂಬಿದವರಿಗೆ ಇಲ್ಲಿ ನಿಜವಾದ ಸಂಕಟವಿದೆ. ಹಿರಿಯರ ಆ ಆಕ್ಷೇಪಣೆಗಿಂತ ಇದು ದೊಡ್ಡದು. ನ್ಯಾಯಾಲಯದ ಲೆಕ್ಕವನ್ನೊಮ್ಮೆ ಬಿಡಿಸಿ ನೋಡೋಣ. ರಸ್ತೆ ಅಪಘಾತದಲ್ಲಿ 32 ವರ್ಷದ ಸಣ್ಣ ವ್ಯಾಪಾರಿಯೊಬ್ಬ ಸತ್ತನೆಂದಿಟ್ಟುಕೊಳ್ಳೋಣ. ತಿಂಗಳ ಆದಾಯ 18,000, ವರ್ಷಕ್ಕೆ 2,16,000. ಮುಂದೆ ಆದಾಯ ಬೆಳೆಯುತ್ತಿತ್ತೆಂದು ಶೇಕಡಾ 40 ಸೇರಿಸಿದರೆ 3,02,400. ಹೆಂಡತಿ, ಮಗು, ತಾಯಿ ಮೂವರು ಅವಲಂಬಿತರು. ಅವನು ಬದುಕಿದ್ದರೆ ತನಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದ ಮೂರನೆಯ ಒಂದು ಪಾಲು ಕಳೆದರೆ 2,01,600. ಅವನ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿರುವ ಗುಣಕ 16. ಗುಣಿಸಿದರೆ 32,25,600 ರೂಪಾಯಿ. ಇದಕ್ಕೆ ಅಂತ್ಯಕ್ರಿಯೆಯ ಖರ್ಚು, ಸಾಂಗತ್ಯದ ನಷ್ಟ ಮುಂತಾಗಿ 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಗೊತ್ತುಮಾಡಿದ ಸಣ್ಣ ಮೊತ್ತಗಳು ಸೇರುತ್ತವೆ.

ಈ ಲೆಕ್ಕದಲ್ಲಿ ಎಲ್ಲಿಯೂ ಪ್ರಾಣದ ಬೆಲೆ ಇಲ್ಲ ಎಂಬುದನ್ನು ಗಮನಿಸಬೇಕು. ಇರುವುದು ಅಕ್ಕಿಯ ಬೆಲೆ, ಬಾಡಿಗೆ, ಶಾಲೆಯ ಶುಲ್ಕ, ತಾಯಿಯ ಔಷಧಿ. ಮನೆಗೆ ಬರುತ್ತಿದ್ದದ್ದು ನಿಂತುಹೋಯಿತು. ನಿಂತದ್ದನ್ನು ನಿಲ್ಲಿಸಿದವನು ತುಂಬಿಕೊಡಬೇಕು. ಹೆಚ್ಚು ತರುತ್ತಿದ್ದವನ ಮನೆಯಲ್ಲಿ ಹೆಚ್ಚು ನಿಂತಿತು ಎಂಬ ಕಾರಣಕ್ಕೆ ಹೆಚ್ಚು ಮೊತ್ತ. ಪ್ರಾಣಕ್ಕೆ ಬೆಲೆ ಕಟ್ಟಿಸಿಕೊಳ್ಳುವುದೆಂಬ ಹಿರಿಯರ ಮಾತು ತಪ್ಪುವುದು ಇಲ್ಲಿಯೇ. ಆದರೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ. ಸಂಬಳವೇ ಇಲ್ಲದವರು ಸತ್ತರೆ? 1989ರ ಮಾರ್ಚ್ 3ರಂದು ಜಮ್‌ಶೆಡ್‌ಪುರದಲ್ಲಿ ಉಕ್ಕಿನ ಕಾರ್ಖಾನೆಯ ಸಂಸ್ಥಾಪಕರ ದಿನಾಚರಣೆಯಲ್ಲಿ ಬೆಂಕಿ ಬಿದ್ದು 60 ಮಂದಿ ಸತ್ತರು. ನೋಡಲು ಬಂದಿದ್ದ ಹೆಂಗಸರು ಮಕ್ಕಳು ಅವರಲ್ಲಿ ಬಹಳ. ಮನೆವಾರ್ತೆ ನೋಡಿಕೊಳ್ಳುವವಳ ದುಡಿಮೆಗೆ ಲೆಕ್ಕದಲ್ಲಿ ಯಾವ ಕಾಲಂ ಇದೆ? 2001ರಲ್ಲಿ ಸುಪ್ರೀಂ ಕೋರ್ಟು, ಮೊದಲು ಹಾಕಿದ್ದ ಲೆಕ್ಕ ತೀರ ಕಡಿಮೆಯಾಯಿತೆಂದು ಹೇಳಿ, ನಡುವಯಸ್ಸಿನ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಹಿಡಿಯಿತು. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಮಲಗುವವಳಿಗೆ ದಿನಕ್ಕೆ ನೂರು ರೂಪಾಯಿ. ಆದರೂ ಅದು ಮೊದಲಿಗಿಂತ ಮೂರು ಪಟ್ಟು ಹೆಚ್ಚೆಂದು ಅಂದು ಸಮಾಧಾನಪಟ್ಟುಕೊಂಡವರಿದ್ದರು. ನಂತರದ ತೀರ್ಪುಗಳು ಮತ್ತಷ್ಟು ಉದಾರವಾಗಿವೆ, ನಿಜ. ಮಕ್ಕಳ ವಿಷಯದಲ್ಲಿ ಯಾವ ಗುಣಕಾರವೂ ಕೈಗೆ ಹತ್ತುವುದಿಲ್ಲ.

ದಂಡವನ್ನೂ ಪರಿಹಾರವನ್ನೂ ಒಂದೇ ಎಂದು ತಿಳಿಯುವವರಿಗಾಗಿ ಒಂದು ಮಾತು. ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ಹೊಗೆಯಲ್ಲಿ ಉಸಿರು ಕಟ್ಟಿ 59 ಮಂದಿ ಸತ್ತರು. 2015ರಲ್ಲಿ ಸುಪ್ರೀಂ ಕೋರ್ಟು ಮಾಲೀಕ ಸಹೋದರರಿಬ್ಬರು ತಲಾ 30 ಕೋಟಿ ತೆತ್ತರೆ ಉಳಿದ ಸೆರೆವಾಸ ಬೇಡವೆಂದಾಗ, ಮಕ್ಕಳನ್ನು ಕಳೆದುಕೊಂಡವರು ನೊಂದು ಪ್ರತಿಭಟಿಸಿದರು. ಅವರ ನೋವು ಹಣ ತಮಗೆ ಬರಲಿಲ್ಲವೆಂದಲ್ಲ. ಹಣವುಳ್ಳವನು ಸೆರೆಮನೆಯ ಬಾಗಿಲಿನಿಂದ ಹಿಂದಿರುಗಿದನಲ್ಲಾ ಎಂದು. ಅವಲಂಬಿತರ ಬಾಕಿ ತೀರಿಸಿದ್ದರಿಂದ ರಾಜ್ಯಕ್ಕೆ ಸಲ್ಲಬೇಕಾದ ಶಿಕ್ಷೆ ತೀರಿತೆಂದು ಯಾರೂ ಹೇಳಲಾಗದು. ಶಿಕ್ಷೆ ಅನುಭವಿಸಿದ್ದರಿಂದ ಬಾಕಿಯೂ ತೀರುವುದಿಲ್ಲ.

ಕೇಳುವುದು ತಪ್ಪಲ್ಲವೆಂದ ಮೇಲೆ ಕೇಳುವ ರೀತಿಯಲ್ಲಿ ತಪ್ಪಾಗಬಹುದು ಎಂಬುದನ್ನೂ ಹೇಳದೆ ಇರಲಾಗದು. ಹದಿನೆಂಟು ಸಾವಿರ ಗಳಿಸುತ್ತಿದ್ದವನಿಗೆ ನಲವತ್ತು ಸಾವಿರದ ಸರ್ಟಿಫಿಕೇಟು ಬರೆದುಕೊಡುವ ಅಂಗಡಿಯವರು ಎಲ್ಲ ಊರುಗಳಲ್ಲಿಯೂ ಸಿಗುತ್ತಾರೆ. ಉಪಕಾರವೆಂದೇ ತಿಳಿದು ಬರೆಯುತ್ತಾರೆ. ಬದುಕಿದ್ದಾಗ ತೆರಿಗೆಯ ಭಯಕ್ಕೆ ಆದಾಯವನ್ನು ಕಡಿಮೆ ಬರೆದವನ ಕುಟುಂಬ, ಸತ್ತ ಮೇಲೆ ಅದೇ ಕಾಗದ ಕೈಯಲ್ಲಿ ಹಿಡಿದು ನ್ಯಾಯಾಲಯದಲ್ಲಿ ತಲೆತಗ್ಗಿಸಿ ನಿಂತ ಪ್ರಸಂಗಗಳೂ ವ್ಯಾಪಾರಿಗಳ ಲೋಕದಲ್ಲಿ ಅಪರೂಪವಲ್ಲ. ಸತ್ಯವ್ರತದ ಫಲ ಮುಂದಿನ ಜನ್ಮದಲ್ಲಿ ಎನ್ನುವವರು ಇದನ್ನೊಮ್ಮೆ ನೋಡಬೇಕು. ಸಿಗುವುದರಲ್ಲಿ ಪಾಲು ಮಾತಾಡಿಕೊಂಡು ಆಸ್ಪತ್ರೆಯ ಬಾಗಿಲಲ್ಲಿಯೇ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವ ದಲ್ಲಾಳಿಗಳಿದ್ದಾರೆ. ಅವರಿಂದ ದೂರವಿರುವುದಕ್ಕೆ ಸಮಾಜದ ನಾಲ್ಕು ಮಂದಿ ಜೊತೆಗೆ ನಿಂತರೆ ಸಾಕು. ಪೊಲೀಸ್ ಠಾಣೆಯ ಪ್ರಥಮ ವರ್ತಮಾನ ವರದಿ, ಶವಪರೀಕ್ಷೆಯ ವರದಿ, ವಾಹನದ ವಿಮಾ ಪತ್ರದ ಪ್ರತಿ, ವಯಸ್ಸಿನ ದಾಖಲೆ ಇವನ್ನು ಒಂದು ಕಡತದಲ್ಲಿ ಸೇರಿಸಿಕೊಡುವವರು ಬೇಕು. ವಕೀಲರ ಶುಲ್ಕ ಭರಿಸಲಾಗದ ಹೆಂಗಸರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆಂದು ತಿಳಿಸುವವರು ಬೇಕು. ಕಾಲವೂ ಕಾಯುವುದಿಲ್ಲ. ಅಂತರರಾಷ್ಟ್ರೀಯ ವಿಮಾನದ ದಾವೆಗೆ ಎರಡು ವರ್ಷ. ರಸ್ತೆ ಅಪಘಾತಕ್ಕೆ ಆರು ತಿಂಗಳೆಂಬ ಮಿತಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ; ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯಾದರೂ ಅದನ್ನು ನಂಬಿ ಕೈಕಟ್ಟಿ ಕೂರುವುದು ಜಾಣತನವಲ್ಲ. ಮೊದಲ ವರ್ಷ ಕಳೆಯುವವರೆಗೆ ಶುಭವೂ ಬೇಡ, ವ್ಯವಹಾರವೂ ಬೇಡ ಎಂದು ಕೂತ ಮನೆಗಳು ಇದರಿಂದ ಪೇಚಿಗೆ ಸಿಕ್ಕಬಹುದು.

ಹಣ ಬಂದ ದಿನ ಎರಡನೆಯ ಪರೀಕ್ಷೆ ಆರಂಭವಾಗುತ್ತದೆ. ಅಲ್ಲಿಯವರೆಗೆ ಒಟ್ಟಿಗೆ ಅತ್ತ ಅತ್ತೆ ಸೊಸೆಯರು ಅಂದು ಬೇರೆ ಬೇರೆ ಕೋಣೆಗಳಲ್ಲಿ ಕುಳಿತುಕೊಳ್ಳುತ್ತಾರೆ. ಹೆತ್ತವಳಿಗೆ ಎಷ್ಟು, ಕಟ್ಟಿಕೊಂಡವಳಿಗೆ ಎಷ್ಟು? ಮೈದುನ ಅಂಗಡಿ ವಿಸ್ತರಿಸಲು ಕೈಸಾಲ ಕೇಳುತ್ತಾನೆ. ತವರಿನವರು ಮನೆ ಕೊಳ್ಳೋಣವೆನ್ನುತ್ತಾರೆ. ಇದನ್ನೆಲ್ಲ ಬಲ್ಲ ನ್ಯಾಯಾಧೀಶರು ಪ್ರತಿಯೊಬ್ಬರ ಪಾಲನ್ನು ಆದೇಶದಲ್ಲಿಯೇ ಬರೆದಿಡುತ್ತಾರೆ. ಅಪ್ರಾಪ್ತ ಮಕ್ಕಳ ಪಾಲನ್ನು ಅವರು ಪ್ರಾಪ್ತ ವಯಸ್ಕರಾಗುವವರೆಗೆ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇರಿಸಬೇಕೆಂದು ಕೇರಳ ರಸ್ತೆ ಸಾರಿಗೆ ನಿಗಮದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಮಾರ್ಗಸೂಚಿ ಕೊಟ್ಟಿದೆ. ಬಡ್ಡಿ ಮಾತ್ರ ಸಂಸಾರಕ್ಕೆ. ಅಸಲನ್ನು ತಾಯಿಯೂ ಮುಟ್ಟುವಂತಿಲ್ಲ, ಚಿಕ್ಕಪ್ಪನೂ ಮುಟ್ಟುವಂತಿಲ್ಲ.

ತೊಟ್ಟಿಲಿನಲ್ಲಿದ್ದ ಕೂಸು ಹದಿನೆಂಟು ತುಂಬಿದ ವರ್ಷ ತಾಯಿಯೊಡನೆ ಬ್ಯಾಂಕಿಗೆ ಹೋಗುತ್ತದೆ. ಗುಮಾಸ್ತರು ಹಳೆಯ ಠೇವಣಿ ಪತ್ರವನ್ನು ತಿರುಗಿಸಿ ನೋಡಿ, ಹಿಂಬದಿಯಲ್ಲಿ ಸಹಿ ಮಾಡಲು ಹೇಳುತ್ತಾರೆ. ಹುಡುಗನಿಗೆ ತಂದೆಯ ಮುಖದ ನೆನಪಿಲ್ಲ. ಕಾಲೇಜಿಗೆ ಕಟ್ಟಬೇಕಾದ ಹಣ ಎಷ್ಟೆಂದು ತಾಯಿ ಬಾಯಲ್ಲಿಯೇ ಲೆಕ್ಕ ಹಾಕುತ್ತಾಳೆ.